ಹಿಮದ ಇಳಿಜಾರು ಮತ್ತು ಜೊತೆಗಾರನ ಹೊಣೆ

ಗರಡಿಗೆ ಇಳಿಯುವ ತರುಣನಿಗೆ ಉಸ್ತಾದನು ಮೊದಲು ಬೀಳುವುದನ್ನು ಕಲಿಸುತ್ತಾನೆ. ಈಜು ಕಲಿಯಲು ಬಾವಿಗಿಳಿಯುವ ಹುಡುಗನ ಬೆನ್ನಿಗೆ ಹಿರಿಯರು ಒಣಗಿದ ಸೋರೆಬುರುಡೆಯನ್ನು ಕಟ್ಟುತ್ತಾರೆ. ನಾವು ಬಲ್ಲ ಆಟಗಳಲ್ಲೆಲ್ಲ ಮೊದಲ ಪಾಠವು ತನ್ನನ್ನು ತಾನು ಕಾಪಾಡಿಕೊಳ್ಳುವುದೇ ಆಗಿದೆ. ಆದರೆ ಮೊದಲ ದಿನವೆಲ್ಲ ಇನ್ನೊಬ್ಬನನ್ನು ಕಾಪಾಡುವ ವಿದ್ಯೆಯನ್ನೇ ಕಲಿಸಿ, ಅನಂತರವಷ್ಟೇ ಆಟಕ್ಕೆ ಬಿಡುವ ಕ್ರೀಡೆಯೊಂದು ಹಿಮನಾಡುಗಳಲ್ಲಿ ಬೆಳೆದಿದೆ. ಅದರ ಹೆಸರು ಫ್ರೀರೈಡ್ ಸ್ಕೀಯಿಂಗ್.

ಇದರ ವಿಚಾರ ನಮ್ಮ ಕಿವಿಗೆ ಬಿದ್ದುದು ಧಾರವಾಡದ ಕಡೆಯ ಒಬ್ಬ ತಾಯಿಯಿಂದ. ಅವರ ಮಗ ಫ್ರಾನ್ಸ್ ದೇಶದ ಗ್ರೆನೋಬಲ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. "ಶಾಸ್ತ್ರಿಗಳ, ನಮ್ಮ ಹುಡುಗ ಶನಿವಾರ ರವಿವಾರ ಬರ್ಫದಾಗ ಜಾರಾಕ ಹೊಕ್ಕಾನಂತ್ರಿ. ಅದರಾಗ ಪೈಜಿನೂ ಇರತದಂತ. ಅದು ಇರಲಿ ಅಂದ್ರ, ಮೊದಲನೇ ದಿನಾ ಹುಗದು ಹೋದವರನ್ನ ಹುಡುಕೂದು ಕಲಸ್ತಾರಂತ. ಹಿಂಗಂದ್ರ ಏನು ಅರ್ಥರೀ?" ಎಂದು ಅವರು ಕೇಳಿದಾಗ ನಮ್ಮ ಬಳಿ ಸಿದ್ಧ ಉತ್ತರವಿರಲಿಲ್ಲ. ಆ ಹುಡುಗನೊಡನೆ ದೂರವಾಣಿಯಲ್ಲಿ ಎರಡು ಮೂರು ಸಲ ಸುದೀರ್ಘವಾಗಿ ಮಾತನಾಡಿದೆವು. ದೊರೆತ ಪುಸ್ತಕಗಳನ್ನೂ ವರದಿಗಳನ್ನೂ ಓದಿದೆವು. ಇಂದು ನಮ್ಮ ಮನೆತನಗಳ ಮಕ್ಕಳು ಜ್ಯೂರಿಕ್, ಮ್ಯೂನಿಕ್ ಮೊದಲಾದ ಊರುಗಳಲ್ಲಿ ನೆಲೆಸಿದ್ದಾರೆ. ಬೆಂಗಳೂರು ಹುಬ್ಬಳ್ಳಿಗಳಲ್ಲಿರುವವರೂ ಚಳಿಗಾಲದ ರಜೆಗೆ ಹಿಮಾಲಯದತ್ತ ಮುಖ ಮಾಡುತ್ತಿದ್ದಾರೆ. ಆದುದರಿಂದ ತಿಳಿದುದನ್ನು ಇಲ್ಲಿ ಓದುಗ ಬಾಂಧವರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಸ್ಕೀಯಿಂಗ್ ಎಂದರೆ ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಬಿಗಿದುಕೊಂಡು ಹಿಮದ ಮೇಲೆ ಜಾರುವುದೆಂಬುದು ಎಲ್ಲರಿಗೂ ತಿಳಿದ ಸಂಗತಿ. ಸಾಮಾನ್ಯವಾಗಿ ಇದಕ್ಕೆಂದು ಯಂತ್ರಗಳಿಂದ ಹಿಮವನ್ನು ಒತ್ತಿ ಸಮಗೊಳಿಸಿದ, ಗುರುತುಗಂಬಗಳನ್ನು ನೆಟ್ಟ ಹಾದಿಗಳಿರುತ್ತವೆ. ಅಲ್ಲಿ ಕಾವಲುಗಾರರಿರುತ್ತಾರೆ, ಹಿಮ ಕುಸಿಯುವ ಭಯವಿದ್ದರೆ ಅವರು ಹಾದಿಯನ್ನು ಮುಚ್ಚುತ್ತಾರೆ, ಇಲ್ಲವೆ ಸಿಡಿಮದ್ದು ಹಾರಿಸಿ ಅಪಾಯದ ಹಿಮವನ್ನು ಮೊದಲೇ ಬೀಳಿಸಿಬಿಡುತ್ತಾರೆ. ಫ್ರೀರೈಡ್ ಎಂಬುದು ಈ ಹಾದಿಗಳನ್ನು ಬಿಟ್ಟು, ಯಾರೂ ತುಳಿಯದ ಹಿಮದಲ್ಲಿ ತನ್ನ ದಾರಿಯನ್ನು ತಾನೇ ಆರಿಸಿಕೊಂಡು ಇಳಿಯುವುದು. ಅಲ್ಲಿ ಹಾದಿ ಮುಚ್ಚುವವರಿಲ್ಲ, ತೆರೆಯುವವರೂ ಇಲ್ಲ.

ಆ ಹುಡುಗ ಹೋದ ಊರು ಗ್ರೆನೋಬಲ್‌ನಿಂದ ಸುಮಾರು ೮೦ ಕಿಲೋಮೀಟರ್ ದೂರದ ಲಾ ಗ್ರಾವ್. ಲಾ ಮೇಜ್ ಎಂಬ ಸುಮಾರು ೩,೯೮೦ ಮೀಟರ್ ಎತ್ತರದ ಶಿಖರದ ಬುಡದಲ್ಲಿ, ೧,೪೫೦ ಮೀಟರಿಗೂ ಮಿಕ್ಕಿದ ಎತ್ತರದಲ್ಲಿರುವ ಸಣ್ಣ ಹಳ್ಳಿಯಿದು. ೧೯೭೦ರ ದಶಕದ ಕೊನೆಯಲ್ಲಿ ಇಲ್ಲಿಂದ ೩,೨೦೦ ಮೀಟರ್ ಎತ್ತರದ ಹಿಮನದಿಯವರೆಗೆ ತಂತಿಮಾರ್ಗವನ್ನು ಕಟ್ಟಿದರು. ತೊಟ್ಟಿಲಿನಲ್ಲಿ ಮೇಲಕ್ಕೇನೋ ಹೋಗಬಹುದು, ಆದರೆ ಕೆಳಗಿಳಿಯಲು ಸಿದ್ಧಪಡಿಸಿದ ಹಾದಿಯೆಂಬುದೇ ಇಲ್ಲ. ಹಿಮನದಿಯ ಬಿರುಕುಗಳು, ಬಂಡೆಗಳ ನಡುವಿನ ಕಡಿದಾದ ಕೊರಕಲುಗಳು, ಕೆಳಗೆ ಲಾರ್ಚ್ ಮರಗಳ ಕಾಡು—ಎಲ್ಲವೂ ಪ್ರಕೃತಿ ಇರಿಸಿದಂತೆಯೇ ಇವೆ. ಇಲ್ಲಿ ೧೯೮೯ರಲ್ಲಿ ಡರ್ಬಿ ದ ಲಾ ಮೇಜ್ ಎಂಬ ಪಂದ್ಯವೊಂದು ಹುಟ್ಟಿತು. ಅದರ ನಿಯಮ ಬಹು ಸರಳವಾದುದು: ಮೇಲಿನ ಹಿಮನದಿಯಿಂದ ಹೊರಟು, ತನಗೆ ತೋಚಿದ ದಾರಿಯಿಂದ, ಯಾರು ಬೇಗ ಕೆಳಗೆ ಮುಟ್ಟುವರೋ ಅವರೇ ಗೆದ್ದವರು. ಹಿಮ ಚೆನ್ನಾಗಿದ್ದ ವರ್ಷ ಈ ಇಳಿತ ೨,೦೦೦ ಮೀಟರನ್ನೂ ಮೀರುತ್ತದೆ. ನಮ್ಮ ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ ಇರುವ ಎತ್ತರಕ್ಕಿಂತಲೂ ಇದು ಹೆಚ್ಚು ಎಂದರೆ ಓದುಗರಿಗೆ ಅಂದಾಜಾದೀತು.

ಫ್ರೀರೈಡಿನ ಎಲ್ಲ ಸ್ಪರ್ಧೆಗಳೂ ಓಟದ ಪಂದ್ಯಗಳಲ್ಲ. ಸ್ವಿಟ್ಜರ್ಲೆಂಡಿನ ವೆರ್ಬಿಯೆಯಲ್ಲಿ ೧೯೯೬ರಲ್ಲಿ ಆರಂಭವಾದ ಹೆಸರಾಂತ ಸ್ಪರ್ಧೆಯಲ್ಲಿ ಕಾಲವನ್ನು ಅಳೆಯುವುದಿಲ್ಲ; ಆರಿಸಿದ ದಾರಿ, ದೇಹದ ಮೇಲಿನ ಹಿಡಿತ, ಇಳಿತದ ಹರಿವು ಇವನ್ನು ನೋಡಿ ತೀರ್ಪುಗಾರರು ಅಂಕ ಕೊಡುತ್ತಾರೆ. ನಮಗೆ ಬಹಳ ಹಿಡಿಸಿದ ಸಂಗತಿಯೊಂದು ಅದರಲ್ಲಿದೆ. ಸ್ಪರ್ಧಿಗಳು ಆ ಪರ್ವತದ ಮುಖದ ಮೇಲೆ ಮುಂಚಿತವಾಗಿ ಇಳಿದು ಅಭ್ಯಾಸ ಮಾಡುವಂತಿಲ್ಲ. ಎದುರಿನ ದಿಬ್ಬದಲ್ಲಿ ನಿಂತು ದುರ್ಬೀನಿನಿಂದ ನೋಡಿ, ಪ್ರತಿಯೊಂದು ಬಂಡೆಯನ್ನೂ ತಿರುವನ್ನೂ ಮನಸ್ಸಿನಲ್ಲಿ ಕಂಠಪಾಠ ಮಾಡಿಕೊಳ್ಳಬೇಕು. ಮೇಲಿನಿಂದ ನೋಡುವಾಗ ಅದೇ ಬಂಡೆ ಕಾಣಿಸುವುದೇ ಇಲ್ಲವಂತೆ. ಹಳಗನ್ನಡ ಪದ್ಯವನ್ನು ಬಾಯಿಪಾಠ ಮಾಡಿ ಗುರುಗಳ ಮುಂದೆ ಒಪ್ಪಿಸುತ್ತಿದ್ದ ನಮ್ಮ ಪಾಠಶಾಲೆಯ ದಿನಗಳು ನೆನಪಾದವು. ಅಲ್ಲಿ ಮರೆತರೆ ಕಿವಿ ಹಿಂಡಿಸಿಕೊಳ್ಳುವುದಷ್ಟೇ ಇತ್ತು.

ಇನ್ನು ಅಪಾಯದ ವಿಚಾರ. ನಮ್ಮ ಪತ್ರಿಕೆಗಳು ಹಿಮ ಸುರಿಯುವುದಕ್ಕೂ ಹಿಮರಾಶಿ ಜರಿದು ಬೀಳುವುದಕ್ಕೂ 'ಹಿಮಪಾತ' ಎಂಬ ಒಂದೇ ಶಬ್ದವನ್ನು ಬಳಸುವುದುಂಟು. ಮಳೆಗೂ ಮಹಾಪೂರಕ್ಕೂ ಒಂದೇ ಹೆಸರಿಟ್ಟಂತೆ ಇದು. ನಾವು ಎರಡನೆಯದನ್ನು ಹಿಮಕುಸಿತವೆನ್ನೋಣ. ಹಿಮವು ಒಂದೇ ಸಲ ಬೀಳುವ ವಸ್ತುವಲ್ಲ. ಚಳಿಗಾಲದುದ್ದಕ್ಕೂ ಪದರ ಪದರವಾಗಿ ಕೂಡುತ್ತದೆ. ಗಾಳಿ ಹೊಡೆದು ಗಟ್ಟಿಯಾದ ಪದರವೊಂದು, ಅದರ ಕೆಳಗೆ ಸಕ್ಕರೆಯಂತೆ ಬಿಡಿಬಿಡಿಯಾದ, ಒಂದಕ್ಕೊಂದು ಅಂಟದ ಹರಳುಗಳ ಪದರವೊಂದು ಇರಬಹುದು. ಜೋಳದ ಕಾಳು ಹರಡಿದ ಓರೆಯಾದ ನೆಲದ ಮೇಲೆ ದೊಡ್ಡ ಹಲಗೆಯನ್ನಿಟ್ಟಂತೆ ಎಂದು ತಿಳಿಯಿರಿ. ಹಲಗೆ ನಿಂತಿರುತ್ತದೆ, ಒಬ್ಬನು ಅದರ ಮೇಲೆ ಕಾಲಿಟ್ಟೊಡನೆ ಕಾಳುಗಳು ಉರುಳಿ ಹಲಗೆಯೊಡನೆ ಅವನೂ ಹೋಗುತ್ತಾನೆ. ಇಳಿಜಾರು ೩೦ರಿಂದ ೪೫ ಡಿಗ್ರಿಯವರೆಗೆ ಇದ್ದಾಗ ಈ ಬಗೆಯ ಕುಸಿತಗಳು ಹೆಚ್ಚು. ದುರ್ದೈವವೆಂದರೆ ಜಾರಲು ಸೊಗಸಾದ ಇಳಿಜಾರೂ ಅದೇ. ಸ್ಕೀ ಮಾಡುವವರು ಸಿಕ್ಕಿಬೀಳುವ ಕುಸಿತಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟನ್ನು ಸಿಕ್ಕಿಬಿದ್ದವನೋ ಅವನ ಜೊತೆಯವರೋ ತಮ್ಮ ಭಾರದಿಂದಲೇ ಹೊರಡಿಸಿರುತ್ತಾರೆಂದು ತಜ್ಞರು ಹೇಳುತ್ತಾರೆ. ಬೆಟ್ಟ ತಾನಾಗಿ ಬಂದು ಮೈಮೇಲೆ ಬೀಳುವುದು ಅಪರೂಪ.

ಫ್ರಾನ್ಸಿನವರು ಈ ಪಾಠವನ್ನು ಕಲಿತದ್ದು ಬಹಳ ಬೆಲೆ ತೆತ್ತು. ೧೯೭೦ರ ಫೆಬ್ರವರಿ ೧೦ರಂದು ವಾಲ್ ದಿಜೇರ್ ಎಂಬಲ್ಲಿ ತರುಣರ ವಸತಿಗೃಹವೊಂದಕ್ಕೆ, ಅವರು ಬೆಳಗಿನ ಉಪಾಹಾರಕ್ಕೆ ಕುಳಿತಿದ್ದ ಹೊತ್ತಿನಲ್ಲಿ, ಹಿಮರಾಶಿ ನುಗ್ಗಿ ೩೯ ಮಂದಿ ಮಡಿದರು. ಮರುವರ್ಷವೇ ಗ್ರೆನೋಬಲ್‌ನಲ್ಲಿ ಹಿಮ ಹಾಗೂ ಹಿಮಕುಸಿತಗಳ ಅಧ್ಯಯನಕ್ಕಾಗಿ ಅನೆನಾ ಎಂಬ ಸಂಸ್ಥೆ ಸ್ಥಾಪಿತವಾಯಿತು. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಇಂಥ ಸಂಶೋಧನೆ ೧೯೩೦ರ ದಶಕದಲ್ಲಿಯೇ ಆರಂಭವಾಗಿತ್ತು.

ಮೊದಲ ದಿನದ ಪಾಠಕ್ಕೆ ಬರೋಣ. ಪ್ರತಿಯೊಬ್ಬನೂ ಮೂರು ವಸ್ತುಗಳನ್ನು ಹೊಂದಿರಲೇಬೇಕು: ಮೈಗೆ ಕಟ್ಟಿಕೊಳ್ಳುವ ಬೀಕನ್ ಎಂಬ ರೇಡಿಯೋ ಯಂತ್ರ, ಮಡಚಿಡಬಹುದಾದ ಎರಡೂವರೆ ಮೀಟರಿನಷ್ಟು ಉದ್ದದ ಶೋಧನ ಕೋಲು, ಲೋಹದ ಸಲಿಕೆ. ಬೀಕನ್ ಅಂಗೈಯಗಲದ ಯಂತ್ರ. ೧೯೬೮ರಲ್ಲಿ ಅಮೆರಿಕದ ಜಾನ್ ಲಾಟನ್ ಎಂಬ ವಿಜ್ಞಾನಿ ಇದರ ಮೊದಲ ರೂಪವನ್ನು ಸಿದ್ಧಪಡಿಸಿ, ನಾರ್ವೆ ಕಡೆಯ ಪುರಾಣದ ಹಿಮದೇವತೆಯಾದ ಸ್ಕಾಡಿಯ ಹೆಸರನ್ನಿಟ್ಟನು. ಇಂದು ಜಗತ್ತಿನ ಎಲ್ಲ ಬೀಕನ್‌ಗಳೂ ೪೫೭ ಕಿಲೋಹರ್ಟ್ಸ್ ಎಂಬ ಒಂದೇ ತರಂಗದಲ್ಲಿ ಮಾತನಾಡುತ್ತವೆ. ಯಾವ ದೇಶದಲ್ಲಿ, ಯಾವ ಕಂಪನಿ ಮಾಡಿದ್ದಾದರೂ ಒಂದರ ಕೂಗು ಇನ್ನೊಂದಕ್ಕೆ ಕೇಳಿಸುತ್ತದೆ. ಜಾರುವಾಗ ಎಲ್ಲರ ಯಂತ್ರಗಳೂ ಕೂಗುತ್ತಲೇ ಇರಬೇಕು. ಒಬ್ಬನು ಹೂತುಹೋದರೆ ಉಳಿದವರು ತಮ್ಮ ಯಂತ್ರಗಳನ್ನು ಕೇಳುವ ಸ್ಥಿತಿಗೆ ತಿರುಗಿಸಿ, ಅದು ತೋರುವ ಬಾಣದ ಗುರುತು ಮತ್ತು ದೂರದ ಅಂಕಿಗಳನ್ನು ಹಿಡಿದು ಹೋಗಬೇಕು. ದೂರದಲ್ಲಿ ಓಡಬೇಕು, ಹತ್ತಿರವಾದಂತೆ ನಿಧಾನಿಸಬೇಕು, ಕೊನೆಯ ಮೂರು ಮೀಟರಿನಲ್ಲಿ ಮೊಣಕಾಲೂರಿ ಯಂತ್ರವನ್ನು ಹಿಮಕ್ಕೆ ತಾಗಿಸುವಂತೆ ಹಿಡಿದು ಶಿಲುಬೆಯಾಕಾರದಲ್ಲಿ ಅತ್ತಿತ್ತ ಸರಿಸಬೇಕು. ಅತಿ ಕಡಿಮೆ ಅಂಕಿ ಬಂದ ಜಾಗದಿಂದ ಸುರುಳಿಯಾಗಿ ಗೇಣು ಗೇಣಿಗೆ ಕೋಲು ಚುಚ್ಚುತ್ತ ಹೋಗಬೇಕು. ಕೋಲು ಮೆತ್ತಗಿನದಕ್ಕೆ ತಾಗಿದರೆ ಅದನ್ನು ಅಲ್ಲಿಯೇ ಬಿಟ್ಟು, ಸ್ವಲ್ಪ ಕೆಳಗಿನಿಂದ ಅಗೆಯಲು ತೊಡಗಬೇಕು.

ಅಗೆಯುವುದೇ ಎಲ್ಲಕ್ಕಿಂತ ಕಠಿಣವೆಂದು ಆ ಹುಡುಗ ಹೇಳಿದ. ಬೀಳುವಾಗ ಹತ್ತಿಯಂತೆ ಹಾರುವ ಹಿಮವು ನಿಂತೊಡನೆ ಗಾರೆಯಂತೆ ಗಟ್ಟಿಯಾಗುತ್ತದೆ. ಒಬ್ಬನೇ ಅಗೆದರೆ ಎರಡು ನಿಮಿಷಕ್ಕೆ ಬಸವಳಿಯುತ್ತಾನೆ. ಆದುದರಿಂದ ಐದಾರು ಮಂದಿ ಬಾಣದ ತುದಿಯಂತೆ ಸಾಲಾಗಿ ನಿಂತು, ಮುಂದಿನವನು ಕತ್ತರಿಸಿದ ಹಿಮವನ್ನು ಹಿಂದಿನವರು ಹಿಂದಕ್ಕೆ ತಳ್ಳುತ್ತ, ಆಗಾಗ ಜಾಗ ಬದಲಿಸುತ್ತ ಅಗೆಯಬೇಕು. ಆ ದಿನ ಒಂದು ಮೀಟರ್ ಆಳದಲ್ಲಿ ಯಂತ್ರ ಸಹಿತ ಹೂತಿಟ್ಟ ಚೀಲವನ್ನು ಹೊರತೆಗೆಯಲು ಅವರ ತಂಡಕ್ಕೆ ಮೊದಲ ಸಲ ಇಪ್ಪತ್ತೆರಡು ನಿಮಿಷ ಹಿಡಿಯಿತಂತೆ. ಕಲಿಸುವ ಗೈಡ್ ಏನೂ ಬಯ್ಯಲಿಲ್ಲ. ಗಡಿಯಾರವನ್ನು ತೋರಿಸಿ, "ಇವನು ಹೋದ" ಎಂದಷ್ಟೇ ಹೇಳಿ, ಚೀಲವನ್ನು ಬೇರೆಡೆ ಹೂಳಲು ಹೊರಟನಂತೆ. ಸಂಜೆಯ ವೇಳೆಗೆ ಅವರು ಒಂಬತ್ತು ನಿಮಿಷಕ್ಕೆ ಇಳಿದಿದ್ದರು.

ಗೈಡ್ ಹಾಗೆ ಹೇಳಿದ್ದಕ್ಕೆ ಆಧಾರವಿದೆ. ೧೯೯೪ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನವು, ಪೂರ್ಣವಾಗಿ ಹೂತುಹೋದವರಲ್ಲಿ ೧೫ ನಿಮಿಷದೊಳಗೆ ಹೊರಬಂದರೆ ನೂರಕ್ಕೆ ೯೨ ಮಂದಿ ಬದುಕುವರೆಂದೂ, ೩೫ ನಿಮಿಷವಾದರೆ ೩೦ ಮಂದಿ ಮಾತ್ರ ಉಳಿಯುವರೆಂದೂ ತೋರಿಸಿತು. ಸ್ವಿಟ್ಜರ್ಲೆಂಡಿನ ೧೯೮೧ರಿಂದ ೨೦೨೦ರವರೆಗಿನ ಅಪಘಾತಗಳನ್ನು ಲೆಕ್ಕ ಹಾಕಿ ೨೦೨೪ರಲ್ಲಿ ಪ್ರಕಟಿಸಿದ ಅಧ್ಯಯನ ಆ ಮೊದಲ ಅವಧಿಯನ್ನು ಇನ್ನೂ ಕುಗ್ಗಿಸಿದೆ: ನೂರಕ್ಕೆ ೯೦ರ ಆಸೆ ಉಳಿಯುವುದು ೧೦ ನಿಮಿಷ ಮಾತ್ರ, ಅರ್ಧ ಗಂಟೆಗೆ ಅದು ೩೧ಕ್ಕೆ ಇಳಿಯುತ್ತದೆ. ಹೂತವನು ಹೆಚ್ಚಾಗಿ ಚಳಿಯಿಂದ ಸಾಯುವುದಿಲ್ಲ, ಉಸಿರು ಕಟ್ಟಿ ಸಾಯುತ್ತಾನೆ. ಹೆಲಿಕಾಪ್ಟರು ಎಷ್ಟೇ ಬೇಗ ಹೊರಟರೂ, ನಾಯಿಗಳೊಡನೆ ರಕ್ಷಣಾ ದಳ ಬಂದರೂ, ಈ ಹತ್ತು ನಿಮಿಷದೊಳಗೆ ಬಂದು ಮುಟ್ಟುವುದು ಬಲು ವಿರಳ. ಆ ಹೊತ್ತಿನಲ್ಲಿ ಅಲ್ಲಿರುವವರು ಜೊತೆಯಲ್ಲಿ ಜಾರಲು ಬಂದವರು ಮಾತ್ರ.

ನಾವು ಈ ಲೇಖನ ಬರೆಯಲು ಮನಸ್ಸು ಮಾಡಿದ್ದೇ ಈ ಅಂಶಕ್ಕಾಗಿ. ಕೋಲು, ಸಲಿಕೆಗಳು ಹೊತ್ತವನಿಗೆ ಯಾವ ಕೆಲಸಕ್ಕೂ ಬಾರವು. ಹೂತವನು ತನ್ನ ಬೆನ್ನ ಮೇಲಿನ ಸಲಿಕೆಯಿಂದ ತನ್ನನ್ನು ಅಗೆದುಕೊಳ್ಳಲಾರ. ಅವನು ಹೊತ್ತಿರುವುದು ಗೆಳೆಯನಿಗಾಗಿ; ಅವನಿಗಾಗಿ ಇರುವುದು ಗೆಳೆಯನ ಬೆನ್ನ ಮೇಲಿದೆ. ಅತ್ಯುತ್ತಮ ಯಂತ್ರವನ್ನು ಕೊಂಡು, ಅದನ್ನು ಬಳಸಲು ಬಾರದ ಜೊತೆಗಾರರೊಡನೆ ಹೊರಟವನು ಬರಿಗೈಯಲ್ಲಿ ಹೊರಟಂತೆಯೇ ಸರಿ. ಈಚೆಗೆ ಬೆನ್ನಿನಲ್ಲಿ ಉಬ್ಬುವ ಗಾಳಿಚೀಲಗಳೂ ಬಂದಿವೆ. ಮೊರದಲ್ಲಿ ಕಾಳು ಕೇರುವಾಗ ದೊಡ್ಡ ಹೆಂಟೆಗಳು ಮೇಲಕ್ಕೆ ಬರುವಂತೆ, ಗಾತ್ರ ಹೆಚ್ಚಿದವನು ಹರಿಯುವ ಹಿಮದಲ್ಲಿ ಮೇಲೆಯೇ ಉಳಿಯುವ ಸಂಭವ ಹೆಚ್ಚು. ಇದೊಂದು ಮಾತ್ರ ತನಗಾಗಿಯೇ ಹೊರುವ ಸಾಧನ. ಆದರೆ ಬಂಡೆಗೆ ಬಡಿದು ಆಗುವ ಪೆಟ್ಟನ್ನು ಅದೂ ತಪ್ಪಿಸಲಾರದು.

ಜೊತೆಗಾರನ ಹೊಣೆಗೂ ಒಂದು ಎಲ್ಲೆಯುಂಟು. ಅಮೆರಿಕದ ಡಗ್ ಕೂಂಬ್ಸ್ ಎಂಬಾತ ಕಡಿದಾದ ಹಿಮದಲ್ಲಿ ಇಳಿಯುವುದರಲ್ಲಿ ಜಗದ್ವಿಖ್ಯಾತನಾಗಿದ್ದ. ಲಾ ಗ್ರಾವ್‌ನಲ್ಲಿಯೇ ನೆಲೆಸಿ ನೂರಾರು ಜನರಿಗೆ ದಾರಿ ತೋರಿದವನು. ೨೦೦೬ರ ಏಪ್ರಿಲ್ ೩ರಂದು ಅಲ್ಲಿಯ ಕೊರಕಲೊಂದರಲ್ಲಿ ಅವನ ಕಿರಿಯ ಜೊತೆಗಾರ ಜಾರಿಬಿದ್ದ. ಅವನೇನಾದನೆಂದು ನೋಡಲು ಹೋದ ಕೂಂಬ್ಸ್ ತಾನೂ ಜಾರಿ ಬಿದ್ದು ತೀರಿಕೊಂಡ. ಜೊತೆಗಾರನೂ ಉಳಿಯಲಿಲ್ಲ. ಅದಕ್ಕಾಗಿಯೇ ಪಾಠದಲ್ಲಿ ಬೀಕನ್ ಮುಟ್ಟುವುದಕ್ಕೂ ಮೊದಲು ಒಂದು ಕ್ಷಣ ನಿಲ್ಲಲು ಕಲಿಸುತ್ತಾರೆ: ಮೇಲಿನಿಂದ ಇನ್ನೊಂದು ಕುಸಿತ ಬರುವಂತಿದೆಯೇ, ನಾನು ನಿಂತ ನೆಲ ಗಟ್ಟಿಯೇ, ಎಷ್ಟು ಜನ ಕಾಣೆಯಾಗಿದ್ದಾರೆ? ಗೆಳೆಯ ಹೂತಿರುವಾಗ ಹೀಗೆ ನಿಲ್ಲುವುದು ಎಷ್ಟು ಕಷ್ಟವೆಂಬುದನ್ನು ಹೆತ್ತವರಿಗೆ ವಿವರಿಸಬೇಕಾಗಿಲ್ಲ.

ವಿದ್ಯೆ ಬಂದವರೂ ಏಕೆ ಸಿಕ್ಕಿಬೀಳುತ್ತಾರೆ? ಇಯಾನ್ ಮೆಕ್ಯಾಮನ್ ಎಂಬ ಸಂಶೋಧಕ ಅಮೆರಿಕದಲ್ಲಿ ೧೯೭೨ರಿಂದ ೨೦೦೩ರವರೆಗೆ ನಡೆದ ೭೧೫ ಅಪಘಾತಗಳನ್ನು ಪರಿಶೀಲಿಸಿ, ತರಬೇತಿ ಪಡೆದವರೂ ಎಚ್ಚರಿಕೆಯ ಲಕ್ಷಣಗಳು ಕಣ್ಣೆದುರಿಗಿದ್ದಾಗಲೇ ಮುಂದುವರಿದಿದ್ದರೆಂಬುದನ್ನು ಕಂಡನು. ಪರಿಚಿತವಾದ ಬೆಟ್ಟ, ಹಿಡಿದ ಹಟ, ಇತರರ ಮೆಚ್ಚುಗೆಯ ಆಸೆ, ಮುಂದೆ ಹೋಗುವವನು ಬಲ್ಲವನೆಂಬ ನಂಬಿಕೆ, ಬೇರೆಯವರಿಗಿಂತ ಮೊದಲು ಹೊಸ ಹಿಮ ಮುಟ್ಟುವ ಆತುರ—ಇವು ಮನಸ್ಸಿನ ಬಲೆಗಳು. ಪಂದ್ಯವೆಂಬುದು ಈ ಬಲೆಗಳಲ್ಲಿ ಹೆಚ್ಚಿನವನ್ನು ಒಟ್ಟಿಗೆ ಹಾಸುತ್ತದೆ ಎಂಬುದು ನಮ್ಮ ಅಭಿಪ್ರಾಯ. ಹಾಗೆಂದು ಪಂದ್ಯವೇ ಬೇಡವೆನ್ನಲು ನಾವು ಸಿದ್ಧರಿಲ್ಲ. ತರುಣರಿಗೆ ಹುರುಡು ಬೇಕು. ಆದರೆ ಪಂದ್ಯದ ದಿನ ಸಂಘಟಕರು ಇಳಿಜಾರನ್ನು ಪರೀಕ್ಷಿಸಿರುತ್ತಾರೆ, ಕಾವಲಿರುತ್ತದೆ. ಅದೇ ಹುರುಡನ್ನು ಮರುದಿನ ಕಾವಲಿಲ್ಲದ ಇಳಿಜಾರಿಗೆ ಹೊತ್ತೊಯ್ಯುವಲ್ಲಿ ಗಂಡಾಂತರವಿದೆ. ಆ ವಾರದ ಪುಟ್ಟ ಪಂದ್ಯದಲ್ಲಿ ನಮ್ಮ ಹುಡುಗ ಕೊನೆಯಿಂದ ಮೂರನೆಯವನಾದನಂತೆ; ಅದನ್ನು ಕೇಳಿ ನಮಗೆ ಒಳಗೊಳಗೇ ಸಂತೋಷವೇ ಆಯಿತು.

ನಮ್ಮ ದೇಶದಲ್ಲಿ ಈ ಆಟದ ನೆಲೆ ಕಾಶ್ಮೀರದ ಗುಲ್ಮಾರ್ಗ್. ಅಲ್ಲಿಯ ತಂತಿಮಾರ್ಗದ ಎರಡನೆಯ ಹಂತ ೨೦೦೫ರಲ್ಲಿ ತೆರೆದ ಮೇಲೆ, ಸುಮಾರು ೩,೯೫೦ ಮೀಟರ್ ಎತ್ತರದ ಅಫರ್ವತ್ ಇಳಿಜಾರುಗಳನ್ನು ಹುಡುಕಿಕೊಂಡು ದೇಶವಿದೇಶದ ಫ್ರೀರೈಡಿಗರು ಬರತೊಡಗಿದರು. ೨೦೨೦ರಿಂದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳೂ ಅಲ್ಲಿ ನಡೆದಿವೆ. ೨೦೨೪ರ ಫೆಬ್ರವರಿಯಲ್ಲಿ ಸಿದ್ಧಪಡಿಸಿದ ಹಾದಿಗಳಲ್ಲಿ ಆ ಕ್ರೀಡೆಗಳ ಪಂದ್ಯಗಳು ನಡೆಯುತ್ತಿರುವಾಗಲೇ, ೨೨ರಂದು, ಹಾದಿಯಾಚೆಯ ಇಳಿಜಾರಿನಲ್ಲಿ ಹಿಮ ಕುಸಿದು ರಷ್ಯಾದ ಸ್ಕೀಪಟುವೊಬ್ಬ ಮಡಿದ. ಅವನ ಸಂಗಡಿಗರನ್ನು ರಕ್ಷಿಸಲಾಯಿತು. ಹಿಂದಿನ ವರ್ಷ ಫೆಬ್ರವರಿ ೧ರಂದು ಅಲ್ಲಿಯೇ ಪೋಲೆಂಡಿನ ಇಬ್ಬರು ತೀರಿಕೊಂಡಿದ್ದರು. ಸೈನ್ಯದ ಪರ್ವತ ಯುದ್ಧ ತರಬೇತಿ ಶಾಲೆಯೂ ಗುಲ್ಮಾರ್ಗಿನಲ್ಲಿದೆ. ೨೦೧೦ರ ಫೆಬ್ರವರಿ ೮ರಂದು ಅದರ ಯೋಧರು ತರಬೇತಿಯಲ್ಲಿದ್ದಾಗಲೇ ಹಿಮ ಕುಸಿದು ೧೭ ಮಂದಿ ಪ್ರಾಣ ಕಳೆದುಕೊಂಡರು. ೨೦೨೨ರ ಅಕ್ಟೋಬರ್ ೪ರಂದು ಉತ್ತರಾಖಂಡದ ದ್ರೌಪದಿ ಕಾ ಡಾಂಡಾ ಶಿಖರದ ಬಳಿ ಪರ್ವತಾರೋಹಣ ಕಲಿಯುತ್ತಿದ್ದ ತಂಡವೇ ಕುಸಿತಕ್ಕೆ ಸಿಕ್ಕಿ ಇಪ್ಪತ್ತೇಳು ಮೃತದೇಹಗಳು ದೊರೆತವು. ಮಡಿದವರಲ್ಲಿ ಕರ್ನಾಟಕದ ತರುಣರೂ ಇದ್ದರು. ಕಲಿಯುವುದು ಕವಚವೆಂದು ಭಾವಿಸುವವರು ಇದನ್ನು ಮನಸ್ಸಿನಲ್ಲಿಡಬೇಕು.

ಹಿಮದಡಿ ಹೂತವನ ವಿಚಾರ ಬಂದಾಗ ನಮ್ಮ ನಾಡಿನವರಿಗೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನೆನಪಾಗದಿರುವುದಿಲ್ಲ. ೨೦೧೬ರ ಫೆಬ್ರವರಿ ೩ರಂದು ಸಿಯಾಚಿನ್‌ನ ಸುಮಾರು ೧೯,೬೦೦ ಅಡಿ ಎತ್ತರದ ಠಾಣೆಯ ಮೇಲೆ ಹಿಮಗೋಡೆ ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ, ಹೆಗ್ಗಡದೇವನಕೋಟೆಯ ಸಿಪಾಯಿ ಮಹೇಶ ಅವರೂ ಅವರಲ್ಲಿದ್ದರು. ಸಂಗಡಿಗರು ಹಗಲಿರುಳು ಗಾಜಿನಂಥ ಮಂಜುಗಡ್ಡೆಯನ್ನು ಕೊರೆದರು. ನಾಯಿಗಳು ವಾಸನೆ ಹಿಡಿದು ಜಾಗ ತೋರಿದವು. ೮ನೆಯ ತಾರೀಖು ಇಪ್ಪತ್ತೈದು ಅಡಿಗೂ ಆಳದಲ್ಲಿ ಹನುಮಂತಪ್ಪ ಉಸಿರಾಡುತ್ತಿದ್ದುದು ಕಂಡಿತು. ೧೧ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಬದುಕುಳಿಯುವ ಲೆಕ್ಕದ ಪಟ್ಟಿಗಳಲ್ಲಿ ಆರನೆಯ ದಿನವೆಂಬ ಅಂಕಣವೇ ಇಲ್ಲ. ಆ ಲೆಕ್ಕವನ್ನು ಬಲ್ಲ ಸಂಗಡಿಗರು ಅಗೆಯುವುದನ್ನು ನಿಲ್ಲಿಸಿರಲಿಲ್ಲ.

ಮಕ್ಕಳು ಹಿಮದತ್ತ ಹೊರಟರೆ ಮನೆಯ ಹಿರಿಯರು "ಹೋಗಬೇಡ" ಎನ್ನುವ ಬದಲು ಕೇಳಬಹುದಾದ ಕೆಲವು ಮಾತುಗಳಿವೆ. ಅಂದಿನ ಹಿಮಕುಸಿತದ ಸೂಚನೆಯನ್ನು ಓದಿದ್ದಾರೆಯೇ? ಯೂರೋಪಿನಲ್ಲಿ ೧೯೯೩ರಿಂದ ಒಂದರಿಂದ ಐದರವರೆಗಿನ ಅಪಾಯದ ಅಳತೆಯುಂಟು. ನಮ್ಮಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ಚಂಡೀಗಢದ ವಿಭಾಗವು ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳಿಗೆ ಮುನ್ಸೂಚನೆ ಕೊಡುತ್ತದೆ. ಮಧ್ಯದ ಮೂರನೆಯ ಅಂಕಿಯನ್ನು ಕಂಡು ಸಮಾಧಾನಪಡಬಾರದು. ಯೂರೋಪಿನಲ್ಲಿ ಹೆಚ್ಚು ಸಾವುಗಳು ಸಂಭವಿಸಿರುವುದು ಆ ಅಂಕಿಯಿದ್ದ ದಿನಗಳಲ್ಲಿಯೇ, ಏಕೆಂದರೆ ನಾಲ್ಕೈದು ಎಂದರೆ ಜನ ಮನೆಯಲ್ಲಿ ಉಳಿಯುತ್ತಾರೆ. ಕಡಿದಾದ ಇಳಿಜಾರಿಗೆ ಒಬ್ಬೊಬ್ಬರಾಗಿ ಇಳಿಯುತ್ತಾರೋ, ಗುಂಪಾಗಿಯೋ? ಜೊತೆಯವರೆಲ್ಲರೂ ಹುಡುಕುವುದನ್ನು ಅಭ್ಯಾಸ ಮಾಡಿದ್ದಾರೆಯೇ? ಮೂರು ಸಾಧನಗಳೂ ಸ್ಕೀಯಿಂಗ್ ಊರುಗಳಲ್ಲಿ ಬಾಡಿಗೆಗೆ ಸಿಗುತ್ತವೆ. ಅಂಗಡಿಯವನು ಐದು ನಿಮಿಷದಲ್ಲಿ ಕೊಟ್ಟು ಕಳುಹಿಸುತ್ತಾನೆ. ಚೀಲವನ್ನು ಹೂತು ಹುಡುಕುವ ಒಂದು ದಿನವನ್ನು ಮಾತ್ರ ಪ್ರವಾಸದ ದಿನಗಳಲ್ಲಿ ತಾವೇ ತೆಗೆದಿರಿಸಿಕೊಳ್ಳಬೇಕು. ನಾಲ್ಕು ದಿನದ ರಜೆಯಲ್ಲಿ ಒಂದು ದಿನ ಹೋಗುತ್ತದೆಯಲ್ಲ ಎಂದು ತರುಣರು ಗೊಣಗುವುದು ಸಹಜ. ಗ್ರೆನೋಬಲ್‌ನ ಹುಡುಗನೂ ಮೊದಲು ಹಾಗೆಯೇ ಗೊಣಗಿದ್ದನಂತೆ. ಈ ಸಲದ ಚಳಿಗಾಲಕ್ಕೆ ಅವನು ತನ್ನೊಡನೆ ಹೊಸದಾಗಿ ಬರುವ ಇಬ್ಬರು ಗೆಳೆಯರಿಗಾಗಿ ಆ ಒಂದು ದಿನವನ್ನು ತಾನೇ ಮತ್ತೆ ಗೊತ್ತುಮಾಡಿದ್ದಾನೆ.